ಕರಡಿಗೆ ಮೈ ಕೊಟ್ಟ ಶೆಪರ್ಡ್

ಅರ್ನೆಸ್ಟ್ ಹೋವರ್ಡ್ ಶೆಪರ್ಡ್ ಬ್ರಿಟನ್ನಿನ ಚಿತ್ರಕಾರ. 1924ರಿಂದ 1928ರವರೆಗೆ ಎ. ಎ. ಮಿಲ್ನ್ ಬರೆದ ನಾಲ್ಕು ಮಕ್ಕಳ ಪುಸ್ತಕಗಳಿಗೆ ಅವರು ಚಿತ್ರ ಬರೆದುಕೊಟ್ಟರು. ವಿನ್ನಿ ದ ಪೂ ಎಂಬ ಕರಡಿ ಮತ್ತು ಅದರ ಗೆಳೆಯರು ಲೋಕಕ್ಕೆ ಪರಿಚಯವಾದದ್ದು ಆ ಚಿತ್ರಗಳಿಂದ. ಇಂದು ನಮ್ಮೂರಿನ ಅಂಗಡಿಗಳಲ್ಲೂ ಶಾಲೆಯ ಬ್ಯಾಗು, ನೀರಿನ ಬಾಟಲಿಗಳ ಮೇಲೆ ಕಾಣುವ ಕೆಂಪಂಗಿಯ ಹಳದಿ ಕರಡಿ ಡಿಸ್ನಿ ಸಂಸ್ಥೆಯದು. ಆ ಪುಸ್ತಕಗಳಲ್ಲಿ ಶೆಪರ್ಡ್ ಬರೆದ ಕರಡಿಗೆ ಬಣ್ಣವಿರಲಿಲ್ಲ. ಕಪ್ಪು ಮಸಿಯ ಕೆಲವೇ ಗೆರೆ, ಕಣ್ಣಿನ ಜಾಗದಲ್ಲಿ ಒಂದು ಚುಕ್ಕೆ, ದುಂಡು ಹೊಟ್ಟೆ, ಮೋಟು ಕಾಲು. ಬಾಯಿ ಇದ್ದೂ ಇಲ್ಲದಂತೆ. ಆದರೂ ಆ ಕರಡಿ ಯೋಚನೆಯಲ್ಲಿದೆಯೋ, ಹಸಿದಿದೆಯೋ, ನಾಚಿಕೊಂಡಿದೆಯೋ ಎಂಬುದು ಪುಟ್ಟ ಮಗುವಿಗೂ ತಿಳಿಯುತ್ತದೆ. ತೊಗಲುಗೊಂಬೆಯ ಮುಖ ಆಟ ಮುಗಿಯುವವರೆಗೂ ಬದಲಾಗುವುದಿಲ್ಲ. ಮೈ ಎಷ್ಟು ಬಾಗಿತು, ಕೈ ಎತ್ತ ತಿರುಗಿತು ಎಂಬುದರಲ್ಲೇ ನೋಡುವವರಿಗೆ ಅಳುವೂ ಸಿಟ್ಟೂ ಕಾಣುತ್ತವೆ. ಶೆಪರ್ಡ್ ಕಾಗದದ ಮೇಲೆ ಮಾಡಿದ್ದೂ ಅದನ್ನೇ. ಭಾವವನ್ನು ಮುಖದಿಂದ ತೆಗೆದು ಮೈಯಲ್ಲಿಟ್ಟರು. ಆ ಕೈ ಹೇಗೆ ಪಳಗಿತು ಎಂಬುದಕ್ಕೆ ಅವರ ಬದುಕಿನಲ್ಲೂ, ಅಚ್ಚಿಗೆ ಹೋಗುವ ಮೊದಲು ಅವರು ಬರೆದುಕೊಂಡ ಪೆನ್ಸಿಲ್ ಚಿತ್ರಗಳಲ್ಲೂ ಉತ್ತರವಿದೆ.

ಶೆಪರ್ಡ್ ಹುಟ್ಟಿದ್ದು 1879ರ ಡಿಸೆಂಬರ್ 10ರಂದು, ಲಂಡನ್ನಿನ ಸೇಂಟ್ ಜಾನ್ಸ್ ವುಡ್ ಬಡಾವಣೆಯಲ್ಲಿ. ತಂದೆ ಹೆನ್ರಿ ಡಂಕಿನ್ ಶೆಪರ್ಡ್ ವಾಸ್ತುಶಿಲ್ಪಿ. ತಾಯಿ ಜೆಸ್ಸಿ ಜಲವರ್ಣ ಚಿತ್ರಕಾರ ವಿಲಿಯಂ ಲೀ ಅವರ ಮಗಳು. ಅಕ್ಕ ಎಥೆಲ್, ಅಣ್ಣ ಸಿರಿಲ್, ಕೊನೆಯವನು ಅರ್ನೆಸ್ಟ್. ಮನೆಯಲ್ಲಿ ಕಾಗದಕ್ಕೂ ಪೆನ್ಸಿಲ್ಲಿಗೂ ಬರವಿರಲಿಲ್ಲ. ಮಗನ ಕೈಯಲ್ಲಿ ಏನೋ ಇದೆ ಎಂದು ಮೊದಲು ಗುರುತಿಸಿ ಹುರಿದುಂಬಿಸಿದವರು ತಾಯಿ. ಅವರು 1890ರಲ್ಲಿ ತೀರಿಕೊಂಡಾಗ ಅರ್ನೆಸ್ಟ್‌ಗೆ ಹತ್ತು ವರ್ಷ. ಆ ಸಾವಿನ ನೆರಳು ಎಷ್ಟು ದೂರ ಚಾಚಿತ್ತೆಂದರೆ, ಎಪ್ಪತ್ತು ದಾಟಿದ ಮೇಲೆ ಬಾಲ್ಯದ ನೆನಪುಗಳನ್ನು ಬರೆಯಲು ಕೂತ ಶೆಪರ್ಡ್ ಆರಿಸಿಕೊಂಡದ್ದು ತಾಯಿ ಇನ್ನೂ ಬದುಕಿದ್ದ 1887ನೇ ಇಸವಿಯನ್ನು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವ ನಡೆದ ವರ್ಷ ಅದು. ರಾಣಿಯ ಮೆರವಣಿಗೆ, ಲಂಡನ್ನಿನ ಕುದುರೆಗಾಡಿಗಳು, ಸೆಪ್ಟಿಮಸ್ ಎಂದು ಹೆಸರಿಟ್ಟ ತನ್ನ ಆಟದ ಮರದ ಕುದುರೆ ಎಲ್ಲವೂ ಆ ಪುಸ್ತಕದಲ್ಲಿ ಚಿತ್ರಸಮೇತ ಇವೆ. ಅದಕ್ಕೆ ಅವರಿಟ್ಟ ಹೆಸರು ‘ಡ್ರಾನ್ ಫ್ರಮ್ ಮೆಮೊರಿ’, ಪ್ರಕಟವಾದದ್ದು 1957ರಲ್ಲಿ. ಏಳರ ಹುಡುಗನಾಗಿ ಕಂಡದ್ದನ್ನು ಎಪ್ಪತ್ತೇಳರ ಮುದುಕ ಅಷ್ಟು ನಿಖರವಾಗಿ ಬರೆಯಬಲ್ಲರಾಗಿದ್ದರೆ, ಕಣ್ಣು ಹಿಡಿದದ್ದನ್ನು ಕೈ ಎಂದೂ ಬಿಟ್ಟುಕೊಡಲಿಲ್ಲ ಎಂದೇ ತಿಳಿಯಬೇಕು.

ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದು ಮುಗಿಸಿ, ಹೀದರ್ಲಿ ಕಲಾಶಾಲೆಯಲ್ಲಿ ಪಳಗಿ, 1897ರಲ್ಲಿ ಅವರು ರಾಯಲ್ ಅಕಾಡೆಮಿಯ ಕಲಾಶಾಲೆ ಸೇರಿದರು. ಅಲ್ಲಿನ ಪಾಠ ಹಳೆಯ ಕಟ್ಟುನಿಟ್ಟಿನದು. ಮೊದಲು ಪ್ರಾಚೀನ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ಬರೆಯಬೇಕು, ಆಮೇಲೆ ಎದುರಿಗೆ ಕೂತ ಮನುಷ್ಯರನ್ನು. ದೇಹದ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಬೆನ್ನು ಎಲ್ಲಿ ತಿರುಗಿದೆ ಎಂಬುದನ್ನು ಕಣ್ಣಳತೆಯಲ್ಲೇ ಹಿಡಿಯುವವರೆಗೂ ಇದೇ ಅಭ್ಯಾಸ. ವಿದ್ಯಾರ್ಥಿವೇತನಗಳೂ ಬಹುಮಾನಗಳೂ ಅವರಿಗೆ ಬಂದವು. ಎಣ್ಣೆಬಣ್ಣದ ದೊಡ್ಡ ಚಿತ್ರಗಳನ್ನು ಬರೆದು ಹೆಸರು ಮಾಡಬೇಕೆಂಬುದು ಆ ದಿನಗಳ ಆಸೆ. 1901ರಲ್ಲಿ ಅಕಾಡೆಮಿಯ ಪ್ರದರ್ಶನದಲ್ಲಿ ಅವರ ಚಿತ್ರಕ್ಕೆ ಜಾಗವೂ ಸಿಕ್ಕಿತ್ತು. ಹೊಟ್ಟೆಪಾಡು ಅವರನ್ನು ಪತ್ರಿಕೆಗಳ ಕಡೆ ತಿರುಗಿಸಿತು. ಮುಂದೆ ಆಟಿಕೆ ಕರಡಿಯೊಂದನ್ನು ಅಷ್ಟು ಸಲೀಸಾಗಿ ನಿಲ್ಲಿಸಿ, ಕೂರಿಸಿ, ಉರುಳಿಸಿದ ಕೈಯ ಹಿಂದೆ ಈ ವರ್ಷಗಳ ಅಭ್ಯಾಸವಿತ್ತು. ಶೆಪರ್ಡ್ ಅವರನ್ನು ಹಗುರ ಚಿತ್ರಗಳ ಕಲಾವಿದ ಎಂದು ಬದಿಗಿಡುವವರು ಮರೆಯುವುದು ಇದನ್ನೇ.

ಅಕಾಡೆಮಿಯಲ್ಲೇ ಅವರಿಗೆ ಫ್ಲಾರೆನ್ಸ್ ಚಾಪ್ಲಿನ್ ಪರಿಚಯವಾದರು. ಆಕೆಯೂ ವಿದ್ಯಾರ್ಥಿನಿ, ಪ್ರತಿಭಾವಂತ ಚಿತ್ರಕಾರ್ತಿ. ಲಂಡನ್ನಿನ ಗೈಸ್ ಆಸ್ಪತ್ರೆಗೆ ಭಿತ್ತಿಚಿತ್ರ ಬರೆಯುವ ಕೆಲಸ ಅವರ ಪಾಲಿಗೆ ಬಂದಿತ್ತು. ಆಕೆಯ ಅಜ್ಜ ಎಬೆನೆಜರ್ ಲ್ಯಾಂಡೆಲ್ಸ್ ‘ಪಂಚ್’ ಎಂಬ ಹಾಸ್ಯ ವಾರಪತ್ರಿಕೆಯ ಸ್ಥಾಪಕರಲ್ಲೊಬ್ಬರು. 1904ರಲ್ಲಿ ಇಬ್ಬರೂ ಮದುವೆಯಾಗಿ ಸರ್‍ರೆಯ ಶ್ಯಾಮ್ಲಿ ಗ್ರೀನ್ ಹಳ್ಳಿಯಲ್ಲಿ ಸಂಸಾರ ಹೂಡಿದರು. 1907ರಲ್ಲಿ ಮಗ ಗ್ರಹಾಂ, 1909ರಲ್ಲಿ ಮಗಳು ಮೇರಿ ಹುಟ್ಟಿದರು. ‘ಪಂಚ್’ಗೆ ಕಳಿಸಿದ ಚಿತ್ರಗಳು ಮೊದಮೊದಲು ಹಿಂದಿರುಗಿ ಬಂದವು. ಬಿಡದೆ ಕಳಿಸುತ್ತ ಹೋದ ಮೇಲೆ ಒಂದೊಂದಾಗಿ ಸ್ವೀಕಾರವಾಗತೊಡಗಿದವು. ಬ್ರಿಟನ್ನಿನ ಮಧ್ಯಮವರ್ಗದ ಮನೆಮನೆಗೂ ಹೋಗುತ್ತಿದ್ದ ಆ ಪತ್ರಿಕೆಯಲ್ಲಿ ಚಿತ್ರ ಬಂತೆಂದರೆ ಚಿತ್ರಕಾರನಿಗೆ ನೆಲೆ ಸಿಕ್ಕಂತೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಮೂವತ್ತೈದು ದಾಟಿದ್ದ ಶೆಪರ್ಡ್ ಸೇನೆ ಸೇರಿ, ಭಾರೀ ಫಿರಂಗಿಗಳನ್ನು ನಡೆಸುವ ರಾಯಲ್ ಗ್ಯಾರಿಸನ್ ಆರ್ಟಿಲರಿಯ 105ನೇ ಸೀಜ್ ಬ್ಯಾಟರಿಯಲ್ಲಿ ಅಧಿಕಾರಿಯಾದರು. 1916ರ ಬೇಸಿಗೆಯಲ್ಲಿ ಅವರ ದಳ ಫ್ರಾನ್ಸಿನ ಸೋಮ್ ರಣರಂಗದಲ್ಲಿತ್ತು. ಜುಲೈ 1ರಂದು, ಆ ಕದನದ ಮೊದಲ ದಿನವೇ, ಕಾಲ್ದಳದಲ್ಲಿದ್ದ ಅಣ್ಣ ಸಿರಿಲ್ ಸತ್ತರು. ಬ್ರಿಟಿಷ್ ಸೇನೆ ತನ್ನ ಇತಿಹಾಸದಲ್ಲೇ ಒಂದೇ ದಿನದಲ್ಲಿ ಅತಿ ಹೆಚ್ಚು ಸೈನಿಕರನ್ನು ಕಳೆದುಕೊಂಡ ದಿನ ಅದು. ಅಣ್ಣತಮ್ಮಂದಿರ ನಡುವೆ ಕೆಲವೇ ಮೈಲಿಗಳ ಅಂತರವಿತ್ತು. ಮುಂದೆ ಶೆಪರ್ಡ್ ಮ್ಯಾನ್ಸೆಲ್ ಕಾಪ್ಸ್ ಎಂಬ ತೋಪಿನಲ್ಲಿ ಅಣ್ಣನ ಸಮಾಧಿ ಹುಡುಕಿಕೊಂಡು ಹೋಗಿ ನೋಡಿ ಬಂದರು. ಆರಾಸ್, ಈಪ್ರ್ ರಣರಂಗಗಳಲ್ಲೂ ಅವರು ಹೋರಾಡಿದರು. ಗುಂಡಿನ ಮಳೆಯ ನಡುವೆಯೂ ಮುಂಚೂಣಿಯ ವೀಕ್ಷಣಾ ನೆಲೆ ಬಿಡದೆ ಶತ್ರುವಿನ ಚಲನವಲನದ ಸುದ್ದಿ ಕಳಿಸುತ್ತಿದ್ದುದಕ್ಕೆ ಮಿಲಿಟರಿ ಕ್ರಾಸ್ ಪದಕ ಬಂತು. ಬಳಿಕ ಇಟಲಿಯ ರಣರಂಗಕ್ಕೆ ಹೋಗಿ, ಯುದ್ಧ ಮುಗಿಯುವಾಗ ಮೇಜರ್ ಆಗಿದ್ದರು.

ಈ ವರ್ಷಗಳಲ್ಲೂ ಸ್ಕೆಚ್ ಪುಸ್ತಕ ಅವರ ಜೇಬಿನಲ್ಲಿತ್ತು. ಶತ್ರು ನೆಲೆಗಳ ನೋಟವನ್ನು ಬರೆದುಕೊಡುವ ಕೆಲಸಕ್ಕೂ ಆ ಕೈ ಸೇನೆಗೆ ಒದಗಿತು. ಜೊತೆಗೆ ತಮಗಾಗಿ ಬರೆದುಕೊಂಡ ಚಿತ್ರಗಳೂ ಇವೆ: ಸಹೋದ್ಯೋಗಿಗಳು, ಪಾಳುಬಿದ್ದ ಊರುಗಳು, ಬಂಕರಿನೊಳಗಿನ ಬಿಡುವಿನ ಗಳಿಗೆಗಳು. ಪತ್ರಿಕೆಗಳಿಗೆ ವಿನೋದದ ಚಿತ್ರಗಳನ್ನೂ ರಣರಂಗದಿಂದಲೇ ಕಳಿಸಿದರು. ಗಾಳಿಗೆ ಬಾಗಿದ ಮರ, ತೆರೆದ ಬಯಲು, ಅದರ ನಡುವೆ ಚಿಕ್ಕದಾಗಿ ನಿಂತ ಜೀವಗಳು ಮುಂದೆ ಶೆಪರ್ಡ್ ಪೂ ಪುಸ್ತಕಗಳಿಗೆ ಬರೆದ ಕಾಡಿನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೆಲದ ಏರುತಗ್ಗನ್ನು ಪ್ರಾಣದ ಹಂಗಿನಲ್ಲಿ ಓದಿದ ಕಣ್ಣು ಅದು ಎಂಬುದನ್ನು ಆ ಚಿತ್ರಗಳ ಮುಂದೆ ನಿಂತವರು ನೆನೆಯಬೇಕು.

1921ರಲ್ಲಿ ‘ಪಂಚ್’ ಅವರನ್ನು ತನ್ನ ಮೇಜಿಗೆ ಕರೆಯಿತು. ಸಂಪಾದಕ ಮಂಡಳಿಯವರು ವಾರಕ್ಕೊಮ್ಮೆ ಒಟ್ಟಿಗೆ ಊಟಕ್ಕೆ ಕೂತು ಮುಂದಿನ ಸಂಚಿಕೆಯನ್ನು ಚರ್ಚಿಸುತ್ತಿದ್ದ ಮೇಜು ಅದು. ಸದಸ್ಯರಾದವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಅದರ ಹಲಗೆಯ ಮೇಲೆ ಕೆತ್ತುವ ರೂಢಿಯಿತ್ತು. ಅಲ್ಲಿದ್ದ ಹಿರಿಯ ಲೇಖಕ ಇ. ವಿ. ಲೂಕಸ್ ಮೆಥುಯೆನ್ ಪ್ರಕಾಶನದಲ್ಲೂ ಇದ್ದವರು. ಎ. ಎ. ಮಿಲ್ನ್ ತಮ್ಮ ಪುಟ್ಟ ಮಗ ಕ್ರಿಸ್ಟೋಫರ್ ರಾಬಿನ್‌ನ ಸುತ್ತ ಮಕ್ಕಳ ಪದ್ಯಗಳನ್ನು ಬರೆದು ಚಿತ್ರಕಾರರನ್ನು ಹುಡುಕುತ್ತಿದ್ದಾಗ ಶೆಪರ್ಡ್ ಹೆಸರು ಸೂಚಿಸಿದವರು ಲೂಕಸ್. ಯುದ್ಧಕ್ಕೆ ಮುಂಚೆ ‘ಪಂಚ್’ನ ಸಹಾಯಕ ಸಂಪಾದಕರಾಗಿದ್ದ ಮಿಲ್ನ್‌ಗೆ ಶೆಪರ್ಡ್ ಕೆಲಸದ ಬಗ್ಗೆ ಆಗ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಆದರೂ ಪ್ರಯೋಗಕ್ಕೆಂದು ಒಪ್ಪಿದರು. ಪದ್ಯಗಳು ಚಿತ್ರಗಳೊಂದಿಗೆ 1924ರಲ್ಲಿ ಮೊದಲು ‘ಪಂಚ್’ನಲ್ಲಿ ಬಂದವು, ಅದೇ ವರ್ಷದ ಕೊನೆಗೆ ‘ವೆನ್ ವಿ ವರ್ ವೆರಿ ಯಂಗ್’ ಎಂಬ ಪುಸ್ತಕವಾದವು. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಆಮೇಲೆ ಮಿಲ್ನ್ ಬೇರೆ ಚಿತ್ರಕಾರರ ಮಾತೆತ್ತಲಿಲ್ಲ. 1926ರ ಅಕ್ಟೋಬರ್‌ನಲ್ಲಿ ‘ವಿನ್ನಿ ದ ಪೂ’, 1927ರಲ್ಲಿ ‘ನೌ ವಿ ಆರ್ ಸಿಕ್ಸ್’, 1928ರಲ್ಲಿ ‘ದ ಹೌಸ್ ಅಟ್ ಪೂ ಕಾರ್ನರ್’ ಹೊರಬಂದವು.

ಕರಡಿ ಮೊದಲು ಕಾಣಿಸಿಕೊಂಡದ್ದು ಆ ಪದ್ಯಗಳಲ್ಲೇ. ಮೈ ಬಂದ ಆಟಿಕೆ ಕರಡಿಯೊಂದು ಕನ್ನಡಿಯ ಮುಂದೆ ನಿಂತು ತನ್ನ ದಪ್ಪ ಹೊಟ್ಟೆಯನ್ನು ನೋಡಿಕೊಳ್ಳುವ ಪದ್ಯ ಅದು. ಕ್ರಿಸ್ಟೋಫರ್ ರಾಬಿನ್‌ಗೆ 1921ರಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಿಂದ ತಂದುಕೊಟ್ಟ ಕರಡಿಯೊಂದಿತ್ತು. ಶೆಪರ್ಡ್ ಅದನ್ನು ನೋಡಿದರು. ಆದರೆ ಬರೆಯಲು ಕೂತಾಗ ಅವರ ಕೈಗೆ ಒಗ್ಗಿದ್ದು ತಮ್ಮ ಮಗ ಗ್ರಹಾಂನ ಗ್ರೌಲರ್ ಎಂಬ ಕರಡಿ. ಆ ಮನೆಯಲ್ಲಿ ಗ್ರೌಲರ್ ಬರೀ ಆಟಿಕೆಯಾಗಿರದೆ ಸಂಸಾರದ ಒಬ್ಬ ಸದಸ್ಯನಂತಿತ್ತು. ಮಿಲ್ನ್ ಮನೆಯ ಕರಡಿಯ ಮೂತಿ ಉದ್ದ, ಮೈ ತೆಳು. ಚಿತ್ರದ ಪೂ ಅದಕ್ಕಿಂತ ದುಂಡಗೆ, ಹೆಚ್ಚು ಭಾರವಾಗಿ ಇರುವುದಕ್ಕೆ ಕಾರಣ ಇದು. ಗ್ರೌಲರ್‌ನ ಗತಿ ಮಾತ್ರ ದುಃಖದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಶೆಪರ್ಡ್ ಅವರ ಮೊಮ್ಮಗಳ ಜೊತೆ ಕೆನಡಾಕ್ಕೆ ಹೋದ ಅದು ಮಾಂಟ್ರಿಯಲ್‌ನಲ್ಲಿ ನಾಯಿಯೊಂದರ ಬಾಯಿಗೆ ಸಿಕ್ಕಿ ಹರಿದುಹೋಯಿತು.

ಉಳಿದ ಪ್ರಾಣಿಗಳಲ್ಲಿ ಹಂದಿಮರಿ ಪಿಗ್ಲೆಟ್, ಕತ್ತೆ ಈಯೋರ್, ಕಾಂಗರೂ ಕಾಂಗಾ, ಅದರ ಮರಿ ರೂ, ಹುಲಿ ಟಿಗ್ಗರ್ ಹುಡುಗನ ನಿಜವಾದ ಆಟಿಕೆಗಳು; ಶೆಪರ್ಡ್ ಅವನ್ನು ಮುಂದಿಟ್ಟುಕೊಂಡೇ ಬರೆದರು. ಮೊಲ ಮತ್ತು ಗೂಬೆ ಮಿಲ್ನ್ ಕಲ್ಪಿಸಿಕೊಂಡವು, ಅವಕ್ಕೆ ಆಟಿಕೆಯ ಮಾದರಿ ಇರಲಿಲ್ಲ. ಆ ಎರಡನ್ನು ಬೇರೆಯವುಗಳ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪೂ, ಪಿಗ್ಲೆಟ್‌ಗಳ ಕೈಕಾಲು ಹತ್ತಿ ತುಂಬಿ ಹೊಲಿದ ಬಟ್ಟೆಯ ಕೈಕಾಲಿನಂತೆ ಬಾಗುತ್ತವೆ. ಮೊಲ, ಗೂಬೆ ಕಾಡಿನವು. ಅವುಗಳ ತುಪ್ಪಳ, ಗರಿಗಳನ್ನು ನಿಸರ್ಗ ನೋಡಿ ಬರೆದ ಗೆರೆಗಳಲ್ಲಿ ತೋರಿಸಿದ್ದಾರೆ.

ಹಿನ್ನೆಲೆಗೂ ಅವರು ಇದೇ ನಿಷ್ಠೆ ತೋರಿದರು. ಮಿಲ್ನ್ 1925ರಲ್ಲಿ ಸಸೆಕ್ಸಿನ ಹಾರ್ಟ್‌ಫೀಲ್ಡ್ ಊರಿನ ಬಳಿ ಕಾಚ್‌ಫರ್ಡ್ ಫಾರ್ಮ್ ಎಂಬ ತೋಟದ ಮನೆ ಕೊಂಡಿದ್ದರು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಆಶ್‌ಡೌನ್ ಕಾಡು. ಹೆಸರಿಗೆ ಕಾಡಾದರೂ ಅದರ ಬಹುಭಾಗ ಕುರುಚಲು ಗಿಡಗಳ ದಿಬ್ಬ, ಬಯಲು, ನಡುನಡುವೆ ಪೈನ್ ಮರಗಳ ಗುಂಪು. ಶೆಪರ್ಡ್ ಅಲ್ಲಿಗೆ ಹೋಗಿ ಅಲೆದು, ಗಿಲ್ಸ್ ಲ್ಯಾಪ್ ದಿಬ್ಬದ ಮೇಲಿನ ಪೈನ್ ಮರಗಳನ್ನು, ತೊರೆಗೆ ಅಡ್ಡವಾಗಿ ಕಟ್ಟಿದ ಮರದ ಸೇತುವೆಯನ್ನು, ಬೇರು ಹೊರಚಾಚಿದ ಮುದಿ ಮರಗಳನ್ನು ಬರೆದುಕೊಂಡು ಬಂದರು. ಪುಸ್ತಕದ ಕಾಡು ನಂಬಿಕೆ ಹುಟ್ಟಿಸುವುದು ಇದರಿಂದ. ಆಟಿಕೆಗಳು ಕಲ್ಪನೆಯವು, ಅವು ನಡೆದಾಡುವ ನೆಲ ನಿಜವಾದದ್ದು. ಇಂದಿಗೂ ಪುಸ್ತಕ ಕೈಯಲ್ಲಿ ಹಿಡಿದು ಆ ಜಾಗಗಳನ್ನು ಗುರುತು ಹಿಡಿಯುತ್ತ ಹೋಗುವ ಪ್ರವಾಸಿಗರಿದ್ದಾರೆ. ಗಿಲ್ಸ್ ಲ್ಯಾಪ್ ಬಳಿ ಮಿಲ್ನ್, ಶೆಪರ್ಡ್ ಇಬ್ಬರ ಹೆಸರಿನಲ್ಲಿ ಒಂದು ಸ್ಮಾರಕವಿದೆ.

‘ವಿನ್ನಿ ದ ಪೂ’ ತೆರೆದಾಗ ಓದುಗರಿಗೆ ಸಿಗುವ ಮೊದಲ ದೃಶ್ಯ ಮೆಟ್ಟಿಲಿನದು. ಹುಡುಗ ಕರಡಿಯ ಒಂದು ಕೈ ಹಿಡಿದು ಎಳೆದುಕೊಂಡು ಇಳಿಯುತ್ತಿದ್ದಾನೆ, ಹಿಂದೆ ಕರಡಿಯ ತಲೆ ಮೆಟ್ಟಿಲಿಗೆ ಬಡಿಯುತ್ತ ಬರುತ್ತಿದೆ. ಹುಡುಗನ ಮೈಯಲ್ಲಿ ಯಾವ ಗಮನವೂ ಇಲ್ಲ, ಇದು ದಿನದ ರೂಢಿ. ಕರಡಿಯ ಕಾಲುಗಳು ಜೋತುಬಿದ್ದಿರುವ ರೀತಿಯಲ್ಲಿ ಹತ್ತಿ ತುಂಬಿದ ಬೊಂಬೆಯ ಅಷ್ಟೂ ಭಾರವಿದೆ. ಮುಂದಿನ ಕಥೆಗಳಲ್ಲಿ ಇದೇ ಕರಡಿ ಎದ್ದು ನಡೆಯುತ್ತದೆ, ಮರ ಹತ್ತುತ್ತದೆ. ಆಗ ಅದೇ ಮೈಗೆ ಬೆನ್ನೆಲುಬು ಬಂದಂತಾಗುತ್ತದೆ. ಆಟಿಕೆಗೂ ಜೀವಂತ ಪ್ರಾಣಿಗೂ ನಡುವಿನ ಗೆರೆಯನ್ನು ಇಷ್ಟು ಸದ್ದಿಲ್ಲದೆ ದಾಟಿಸಿದ ಚಿತ್ರಕಾರರು ಬೇರೆ ಯಾರಿದ್ದಾರೆ?

ಮೊಲದ ಬಿಲದಲ್ಲಿ ಪೂ ಸಿಕ್ಕಿಬಿದ್ದ ಪ್ರಸಂಗವನ್ನು ನೋಡಬಹುದು. ಅತಿಯಾಗಿ ತಿಂದ ಕರಡಿ ಬಿಲದ ಬಾಯಲ್ಲಿ ಸಿಕ್ಕಿಕೊಂಡಿದೆ. ತೆಳ್ಳಗಾಗುವವರೆಗೆ ಹಾಗೇ ಇರಬೇಕು. ಹೊರಗಿನ ಚಿತ್ರದಲ್ಲಿ ಕರಡಿಯ ತಲೆಯ ಮುಂದೆ ಕೂತು ಹುಡುಗ ಪುಸ್ತಕ ಓದಿ ಹೇಳುತ್ತಿದ್ದಾನೆ. ಒಳಗಿನ ಚಿತ್ರದಲ್ಲಿ ಗೋಡೆಯಿಂದ ಚಾಚಿದ ಎರಡು ಕಾಲುಗಳ ಮೇಲೆ ಮೊಲ ಬಟ್ಟೆ ಒಣಹಾಕಿದೆ. ಅಲ್ಲಿ ಕರಡಿಯ ಮುಖವೇ ಇಲ್ಲ. ಬರೀ ಎರಡು ಕಾಲು. ಅಷ್ಟರಲ್ಲೇ ಅವಮಾನವೂ ಸಹನೆಯೂ ಕಾಣುತ್ತವೆ. ಪಿಗ್ಲೆಟ್‌ನ ವಿಷಯದಲ್ಲಿ ಕಿವಿಗಳು ಈ ಕೆಲಸ ಮಾಡುತ್ತವೆ: ಹೆದರಿದಾಗ ಹಿಂದಕ್ಕೆ ಅಂಟಿಕೊಂಡು, ಬಿರುಗಾಳಿಯ ದಿನ ಬಟ್ಟೆಯಂತೆ ಹಾರಾಡಿಕೊಂಡು. ಗಾಳಿಯನ್ನು ಬರೆಯಲಾಗದು, ಗಾಳಿ ಯಾವುದನ್ನು ಅಲ್ಲಾಡಿಸಿತೋ ಅದನ್ನು ಬರೆಯಬಹುದು ಎಂಬುದನ್ನು ಆ ಬಿರುಗಾಳಿಯ ಚಿತ್ರಗಳಷ್ಟು ಚೆನ್ನಾಗಿ ತೋರಿಸಿದ ಪಾಠಪುಸ್ತಕವಿಲ್ಲ. ಈಯೋರ್‌ಗಂತೂ ತಗ್ಗಿದ ಕತ್ತೊಂದೇ ಸಾಕು.

ಪುಟದ ಜೊತೆ ಚಿತ್ರ ಹೊಂದಿಕೊಂಡ ರೀತಿಯೂ ಆ ಕಾಲಕ್ಕೆ ಹೊಸದು. ಚಿತ್ರಕ್ಕೊಂದು ಚೌಕಟ್ಟು ಹಾಕಿ ಬೇರೆ ಹಾಳೆಯಲ್ಲಿ ಕೂರಿಸುವ ಪದ್ಧತಿಯನ್ನು ಮಿಲ್ನ್ ಮತ್ತು ಶೆಪರ್ಡ್ ಕೈಬಿಟ್ಟರು. ಜೇನಿನ ಆಸೆಗೆ ಪೂ ಮರ ಹತ್ತುವ ಕಡೆ ಮರ ಪುಟದ ಉದ್ದಕ್ಕೂ ಬೆಳೆದಿದೆ, ಅದರ ಪಕ್ಕದಲ್ಲಿ ಪದಗಳು ಸಣ್ಣ ಸಣ್ಣ ಸಾಲುಗಳಾಗಿ ಇಳಿದಿವೆ. ಓದುವವರ ಕಣ್ಣು ಕೆಳಗಿಳಿಯುತ್ತಿದ್ದಂತೆ ಕರಡಿ ಮೇಲೇರುತ್ತದೆ. ಅನೇಕ ಕಡೆ ಚಿತ್ರದ ಅಂಚು ಬಿಳಿ ಕಾಗದದಲ್ಲಿ ಕರಗಿಹೋಗುತ್ತದೆ. ಹಿಮದಲ್ಲಿ ಪೂ, ಪಿಗ್ಲೆಟ್ ಹೆಜ್ಜೆಗುರುತು ಹಿಡಿದು ಮರದ ಸುತ್ತ ಸುತ್ತುವಾಗ ಆ ಖಾಲಿ ಕಾಗದವೇ ಹಿಮ.

ಈ ಸರಳತೆ ಒಂದೇ ಸಲಕ್ಕೆ ಬಂದದ್ದಲ್ಲ ಎಂಬುದಕ್ಕೆ ಮೂಲ ಪೆನ್ಸಿಲ್ ಚಿತ್ರಗಳು ಸಾಕ್ಷಿ. ಶೆಪರ್ಡ್ ಮೊದಲು ತೆಳು ಕಾಗದದ ಮೇಲೆ ಪೆನ್ಸಿಲ್‌ನಿಂದ ದೃಶ್ಯವನ್ನು ಹುಡುಕುತ್ತಿದ್ದರು. ಒಂದು ಕೈಗೆ ಎರಡು ಮೂರು ಗೆರೆಗಳು, ತಲೆಯ ವಾಲಿಕೆಗೆ ಮತ್ತೆ ಮತ್ತೆ ಪ್ರಯತ್ನ, ಬೇಡವಾದ ಗೆರೆಯ ಮೇಲೆ ಇನ್ನೊಂದು ಗೆರೆ. ಭಂಗಿ ಸರಿ ಎನ್ನಿಸಿದ ಮೇಲೆ ಹಾಳೆಯ ಹಿಂಬದಿಗೆ ಪೆನ್ಸಿಲ್ ಉಜ್ಜಿ ಕಪ್ಪು ಮಾಡಿ, ಅದನ್ನು ಒಳ್ಳೆಯ ಕಾಗದದ ಮೇಲಿಟ್ಟು, ಮುಖ್ಯ ಗೆರೆಗಳನ್ನು ಒತ್ತಿ ತಿದ್ದಿ ಕೆಳಗಿಳಿಸುತ್ತಿದ್ದರು. ಅದರ ಮೇಲೆ ನಿಬ್ಬಿನಿಂದ ಮಸಿಯ ಚಿತ್ರ. ಮುದ್ರಣವೂ ಈ ಕ್ರಮವನ್ನು ಬೇಡುತ್ತಿತ್ತು. ಆಗ ಇಂಥ ಪುಸ್ತಕಗಳ ಚಿತ್ರಗಳಿಗೆ ಲೈನ್ ಬ್ಲಾಕ್ ಮಾಡಿಸುತ್ತಿದ್ದರು. ಚಿತ್ರದ ಫೋಟೊ ತೆಗೆದು ಸತುವಿನ ಫಲಕಕ್ಕಿಳಿಸಿ, ಆಮ್ಲದಿಂದ ಕೊರೆಸಿ ಮಾಡುವ ಅಚ್ಚು. ಅದರಲ್ಲಿ ಕಪ್ಪು ಇಲ್ಲವೇ ಬಿಳಿ, ನಡುವಿನ ಬೂದು ಬಣ್ಣ ಬರುವುದಿಲ್ಲ. ನೆರಳು ಬೇಕಾದರೆ ಒತ್ತೊತ್ತಾಗಿ ಗೆರೆ ಎಳೆಯಬೇಕು. ಪೆನ್ಸಿಲ್ಲಿನಲ್ಲಿ ಮೃದುವಾಗಿದ್ದ ಮಂಜು, ಮುಸ್ಸಂಜೆ, ಮರದ ನೆರಳುಗಳೆಲ್ಲ ಮಸಿಯಲ್ಲಿ ಎಣಿಸಿ ಎಳೆದ ಗೆರೆಗಳಾಗುವಾಗ ಒಂದಿಷ್ಟು ಜೀವ ಸೋರಿಹೋಗುವುದು ಸಹಜ. ಶೆಪರ್ಡ್ ಅವರ ಹಿರಿಮೆ ಇರುವುದು ಅದು ತೀರಾ ಕಡಿಮೆ ಸೋರುವಂತೆ ನೋಡಿಕೊಂಡದ್ದರಲ್ಲಿ. ಹಾಗಿದ್ದರೂ ಎರಡನ್ನೂ ಪಕ್ಕಪಕ್ಕ ನೋಡುವ ಅವಕಾಶ ಸಿಕ್ಕವರು ಹೆಚ್ಚು ಹೊತ್ತು ನಿಲ್ಲುವುದು ಪೆನ್ಸಿಲ್ ಹಾಳೆಯ ಮುಂದೆಯೇ, ಅದು ನ್ಯಾಯವೂ ಹೌದು. ಮಸಿಯಲ್ಲಿ ತೀರ್ಮಾನವಿದೆ, ಪೆನ್ಸಿಲ್ಲಿನಲ್ಲಿ ಆಲೋಚನೆಯಿದೆ.

ಮೊದಲ ಕಥಾಪುಸ್ತಕದ ಒಳರಕ್ಷಾಪುಟಕ್ಕೆ ಅವರು ಬರೆದ ನಕ್ಷೆ ಪ್ರತ್ಯೇಕವಾಗಿ ಹೇಳಬೇಕಾದದ್ದು. ನೂರೆಕರೆ ಕಾಡಿನ ಆ ನಕ್ಷೆಯನ್ನು ಬರೆದವನು ಹುಡುಗ, ಸಹಾಯ ಮಾಡಿದವರು ಶೆಪರ್ಡ್ ಎಂದು ಅದರಲ್ಲೇ ಹೇಳಿಕೊಂಡಿದೆ. ಕಾಗುಣಿತವೆಲ್ಲ ಮಗು ಬರೆದಂತೆ ತಪ್ಪುತಪ್ಪಾಗಿದೆ. ದಿಕ್ಸೂಚಿಯ ನಾಲ್ಕು ತುದಿಗಳಲ್ಲಿ ದಿಕ್ಕುಗಳ ಬದಲು ಪೂ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳಿವೆ. ಯಾರ ಮನೆ ಎಲ್ಲಿ, ಜೌಗು ಎಲ್ಲಿ, ಉತ್ತರ ಧ್ರುವಕ್ಕೆ ಯಾವ ದಾರಿ ಎಂಬುದೆಲ್ಲ ಅಲ್ಲಿದೆ. ಕಥೆ ಶುರುವಾಗುವ ಮೊದಲೇ ಓದುವ ಮಗು ಆ ಕಾಡಿನೊಳಗೆ ಕಾಲಿಟ್ಟಿರುತ್ತದೆ.

ಮಿಲ್ನ್ ಮತ್ತು ಶೆಪರ್ಡ್ ಆಪ್ತ ಗೆಳೆಯರಾಗಲಿಲ್ಲ. ಮಿಲ್ನ್ ಬಿಗುಮಾನದವರು, ಎಷ್ಟು ಸಲ ಭೇಟಿಯಾದರೂ ಅಂತರ ಉಳಿಯುತ್ತಿತ್ತು. ಆದರೆ ಚಿತ್ರಗಳಿಂದ ತಮ್ಮ ಪುಸ್ತಕಕ್ಕೆ ಎಷ್ಟು ಬಲ ಬಂತೆಂಬುದನ್ನು ಅವರು ಮುಚ್ಚಿಡಲಿಲ್ಲ. ಒಂದು ಮೊತ್ತ ಕೊಟ್ಟು ಚಿತ್ರಕಾರರ ಲೆಕ್ಕ ಚುಕ್ತಾ ಮಾಡುವುದು ಆಗಿನ ರೂಢಿಯಾಗಿದ್ದರೂ, ರಾಯಲ್ಟಿಯಲ್ಲಿ ಶೆಪರ್ಡ್‌ಗೆ ಪಾಲು ಸಿಗುವಂತೆ ಮಿಲ್ನ್ ಏರ್ಪಾಡು ಮಾಡಿದರು. ಬೆಚ್ಚನೆಯ ಮಾತಿಗಿಂತ ದೊಡ್ಡ ಗೌರವ ಅದು.

ಯಶಸ್ಸಿನ ನಡುವೆಯೇ ಮನೆಯಲ್ಲಿ ಕತ್ತಲೆ ಕವಿಯಿತು. 1927ರಲ್ಲಿ, ‘ನೌ ವಿ ಆರ್ ಸಿಕ್ಸ್’ ಪ್ರಕಟವಾದ ವರ್ಷವೇ, ಹೆಂಡತಿ ಫ್ಲಾರೆನ್ಸ್ ಆಸ್ಪತ್ರೆಯಲ್ಲಿ ಹಠಾತ್ತನೆ ತೀರಿಕೊಂಡರು. ಆ ಕುಟುಂಬ ಗಿಲ್ಡ್‌ಫರ್ಡ್‌ನಲ್ಲಿ ಹೊಸ ಮನೆ ಕಟ್ಟಿಸಿಕೊಂಡ ಹೊತ್ತು ಅದು. ಮರುವರ್ಷದ ‘ದ ಹೌಸ್ ಅಟ್ ಪೂ ಕಾರ್ನರ್’ ಬಾಲ್ಯ ಮುಗಿದು ಅಗಲುವ ಕಥೆಯೊಂದಿಗೆ ಕೊನೆಯಾಗುತ್ತದೆ. ಅದರ ಚಿತ್ರಗಳಲ್ಲಿ ಬಯಲು ಇನ್ನಷ್ಟು ವಿಶಾಲವಾಗಿದೆ, ಆಕೃತಿಗಳು ಇನ್ನಷ್ಟು ಚಿಕ್ಕವಾಗಿವೆ.

1931ರಲ್ಲಿ ಕೆನೆತ್ ಗ್ರಹಾಂ ಅವರ ‘ದ ವಿಂಡ್ ಇನ್ ದ ವಿಲ್ಲೋಸ್’ ಶೆಪರ್ಡ್ ಚಿತ್ರಗಳೊಂದಿಗೆ ಬಂತು. 1908ರಲ್ಲಿ ಮೊದಲು ಪ್ರಕಟವಾಗಿದ್ದ, ನದೀತೀರದ ಪ್ರಾಣಿಗಳ ಕಥೆ ಹೇಳುವ ಆ ಕೃತಿಗೆ ಅಷ್ಟು ಹೊತ್ತಿಗೆ ಹಲವರು ಚಿತ್ರ ಬರೆದಿದ್ದರು, ಯಾವುದೂ ಓದುಗರ ಮನಸ್ಸಿನಲ್ಲಿ ನೆಲೆಯೂರಿರಲಿಲ್ಲ. ಶೆಪರ್ಡ್ ಥೇಮ್ಸ್ ದಂಡೆಯ ಪ್ಯಾಂಗ್‌ಬೋರ್ನ್ ಊರಿಗೆ ಹೋಗಿ ವೃದ್ಧ ಲೇಖಕರನ್ನು ಕಂಡರು. ಈ ಪುಟ್ಟ ಜೀವಿಗಳನ್ನು ಪ್ರೀತಿಯಿಂದ ನಡೆಸಿಕೊಳ್ಳಿ ಎಂಬುದು ಗ್ರಹಾಂ ಮಾಡಿಕೊಂಡ ಕೋರಿಕೆ. ಇಲಿಯ ದೋಣಿ, ಬಿಲ, ಹುಲ್ಲುಗಾವಲುಗಳಿಗೆ ಹತ್ತಿರದ ನದೀತೀರವೇ ಮೂಲ ಎಂದು ತಿಳಿಸಿದರು. ಜೊತೆಗೆ ನಡೆಯಲು ಅವರ ಮೈಯಲ್ಲಿ ಶಕ್ತಿಯಿರಲಿಲ್ಲ. ಶೆಪರ್ಡ್ ಸ್ಕೆಚ್ ಪುಸ್ತಕ ಹಿಡಿದು ಒಬ್ಬರೇ ದಂ‌ಡೆಯುದ್ದಕ್ಕೂ ನಡೆದು ಬರೆದುಕೊಂಡರು. ಆಮೇಲೆ ತೋರಿಸಿದ ಚಿತ್ರಗಳು ಲೇಖಕರಿಗೆ ಒಪ್ಪಿಗೆಯಾದವು. ಈ ಕೃತಿಯಲ್ಲೊಂದು ತೊಡಕಿದೆ. ಕಪ್ಪೆರಾಯ ಮೋಟಾರು ಓಡಿಸುತ್ತಾನೆ, ಅಗಸಗಿತ್ತಿಯ ಬಟ್ಟೆ ತೊಟ್ಟು ಜೈಲಿನಿಂದ ತಪ್ಪಿಸಿಕೊಳ್ಳುತ್ತಾನೆ. ಹಾಗಾದರೆ ಅವನ ಗಾತ್ರ ಎಷ್ಟು? ಶೆಪರ್ಡ್ ಇದಕ್ಕೆ ಒಂದೇ ಉತ್ತರ ಕೊಡಲು ಹೋಗಲಿಲ್ಲ. ಆಯಾ ದೃಶ್ಯಕ್ಕೆ ತಕ್ಕಂತೆ ಗಾತ್ರ ಹಿಗ್ಗಿ ಕುಗ್ಗುತ್ತದೆ, ನೋಡುವವರಿಗೆ ಅದು ತಪ್ಪೆನ್ನಿಸುವುದೇ ಇಲ್ಲ. ಇದು ಅವರ ಅತ್ಯುತ್ತಮ ಕೆಲಸ ಎನ್ನುವವರ ವಾದದಲ್ಲಿ ಹುರುಳಿದೆ.

ಎರಡನೇ ಮಹಾಯುದ್ಧ ಅವರಿಂದ ಮಗನನ್ನು ಕಿತ್ತುಕೊಂಡಿತು. ತಾನೂ ಚಿತ್ರಕಾರನಾಗಿದ್ದ ಗ್ರಹಾಂ ನೌಕಾಪಡೆ ಸೇರಿದ್ದರು. 1943ರ ಸೆಪ್ಟೆಂಬರ್‌ನಲ್ಲಿ ಅವರಿದ್ದ ‘ಪಾಲಿಯಾಂಥಸ್’ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿತು. ಪೂ ಕರಡಿಗೆ ಮಾದರಿಯಾದ ಆಟಿಕೆಯ ಒಡೆಯ ಹೀಗೆ ಹೋದರು. ಅದೇ ವರ್ಷ ಶೆಪರ್ಡ್ ನೋರಾ ಕ್ಯಾರಲ್ ಅವರನ್ನು ಎರಡನೇ ಮದುವೆಯಾದರು. ಮಗಳು ಮೇರಿ ತಂದೆಯ ದಾರಿ ಹಿಡಿದಿದ್ದರು, ಪಿ. ಎಲ್. ಟ್ರಾವರ್ಸ್ ಅವರ ‘ಮೇರಿ ಪಾಪಿನ್ಸ್’ ಪುಸ್ತಕಗಳ ಚಿತ್ರಗಳು ಅವರವು.

‘ಪಂಚ್’ನಲ್ಲಿ ಶೆಪರ್ಡ್ ರಾಜಕೀಯ ವ್ಯಂಗ್ಯಚಿತ್ರಗಳನ್ನೂ ಬರೆಯುತ್ತಿದ್ದರು. 1936ರಲ್ಲಿ ಹಿಟ್ಲರ್ ರೈನ್‌ಲ್ಯಾಂಡಿಗೆ ಸೇನೆ ನುಗ್ಗಿಸಿದಾಗ, ಮೈತುಂಬ ಆಯುಧ ಹೊತ್ತು ಕಾಲೆತ್ತಿ ನಡೆಯುವ ಹೆಬ್ಬಾತಿನ ಚಿತ್ರವೊಂದನ್ನು ಬರೆದರು. ಆ ಕಾಲದ ಇತಿಹಾಸದ ಪಠ್ಯಗಳಲ್ಲಿ ಈಗಲೂ ಅದು ಕಾಣಿಸಿಕೊಳ್ಳುತ್ತದೆ. 1945ರಲ್ಲಿ ಪತ್ರಿಕೆಯ ಮುಖ್ಯ ವ್ಯಂಗ್ಯಚಿತ್ರಕಾರರಾದರು. 1953ರಲ್ಲಿ ಹೊಸ ಸಂಪಾದಕರು ಬಂದಾಗ ಅವರ ಕೆಲಸ ಹೋಯಿತು. ಅರ್ಧ ಶತಮಾನದ ಹತ್ತಿರದ ನಂಟು ಹಾಗೆ ಕಡಿದದ್ದು ಎಪ್ಪತ್ಮೂರರ ಕಲಾವಿದನಿಗೆ ಕಹಿಯಾಗಿಯೇ ಉಳಿಯಿತು.

ಆದರೆ ಕೈ ಸುಮ್ಮನಿರಲಿಲ್ಲ. ಸಸೆಕ್ಸಿನ ಲಾಡ್ಸ್‌ವರ್ತ್ ಹಳ್ಳಿಯಲ್ಲಿ ನೆಲೆಸಿ ನೆನಪಿನ ಎರಡನೇ ಸಂಪುಟ ‘ಡ್ರಾನ್ ಫ್ರಮ್ ಲೈಫ್’ ಬರೆದರು. ಆ್ಯಂಡರ್ಸನ್ ಕಥೆಗಳಿಗೂ, ‘ದ ಸೀಕ್ರೆಟ್ ಗಾರ್ಡನ್’ಗೂ ಚಿತ್ರ ಬರೆದರು. ಎಂಬತ್ತೈದು ದಾಟಿದ ಮೇಲೆ ತಾವೇ ಕಥೆ ಬರೆದು ಎರಡು ಮಕ್ಕಳ ಪುಸ್ತಕಗಳನ್ನು ತಂದರು. ಎಲ್ಲಿ ಹೋದರೂ ಜನ ಪೂ ಬಗ್ಗೆಯೇ ಕೇಳುತ್ತಿದ್ದುದು ಅವರಿಗೆ ಬೇಸರ ತಂದಿತ್ತು. ಒಂದು ಕರಡಿ ತಮ್ಮ ಉಳಿದೆಲ್ಲ ಕೆಲಸವನ್ನು ಮರೆಮಾಡಿತೆಂಬ ಕೊರಗು ಅದು. ಅಷ್ಟರಲ್ಲಿ ಆ ಕರಡಿ ಅವರ ಹಿಡಿತದಲ್ಲೂ ಇರಲಿಲ್ಲ. 1930ರಲ್ಲಿ ಅಮೆರಿಕದ ಸ್ಟೀಫನ್ ಸ್ಲೆಸಿಂಜರ್ ಪೂ ಹೆಸರಿನ ಸರಕುಗಳ ಹಕ್ಕು ಕೊಂಡಿದ್ದರು. ಕೆಂಪಂಗಿ ಅವರ ಕಾಲದ್ದು. 1961ರಲ್ಲಿ ಹಕ್ಕುಗಳು ಡಿಸ್ನಿಗೆ ಹೋದವು, 1966ರಲ್ಲಿ ಮೊದಲ ಕಾರ್ಟೂನ್ ಚಿತ್ರ ಬಂತು. ಅದರಲ್ಲಿ ಕರಡಿಯ ಮುಖಕ್ಕೆ ಹುಬ್ಬು ಬಂತು, ನಗು ಬಂತು. ಶೆಪರ್ಡ್ ಮೈಗೆ ಒಪ್ಪಿಸಿದ್ದ ಕೆಲಸ ಮತ್ತೆ ಮುಖಕ್ಕೆ ಹೋಯಿತು.

ತೊಂಬತ್ತರ ಆಸುಪಾಸಿನಲ್ಲಿ ಅವರು ಪೂ ಪುಸ್ತಕಗಳ 270ಕ್ಕೂ ಹೆಚ್ಚು ಪೆನ್ಸಿಲ್ ಚಿತ್ರಗಳನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಉಚಿತವಾಗಿ ಕೊಟ್ಟರು. 1972ರಲ್ಲಿ ಸರ್ಕಾರ ಒಬಿಇ ಗೌರವ ನೀಡಿತು. ತಮ್ಮ ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ತುಂಬುವ ಕೆಲಸವನ್ನೂ ಆ ವಯಸ್ಸಿನಲ್ಲಿ ಮಾಡಿದರು. ತೆಳುವಾದ ಆ ಬಣ್ಣ ಗೆರೆಯನ್ನು ನುಂಗುವುದಿಲ್ಲವಾದರೂ ಕಪ್ಪುಬಿಳುಪೇ ಚೆನ್ನ. 1976ರ ಮಾರ್ಚ್ 24ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮಸಿಯ ಮೂಲಚಿತ್ರಗಳ ದಾರಿ ಬೇರೆ. ಅವು ಹಿಂದೆಯೇ ಒಂದೊಂದಾಗಿ ಮಾರಾಟವಾಗಿ ಖಾಸಗಿ ಸಂಗ್ರಹಗಳಲ್ಲಿ ಚದುರಿಹೋಗಿವೆ. ಆಗಾಗ ಹರಾಜಿಗೆ ಬರುತ್ತವೆ. ಸೇತುವೆಯ ಮೇಲಿಂದ ಹುಡುಗ, ಪೂ, ಪಿಗ್ಲೆಟ್ ಹರಿಯುವ ನೀರನ್ನು ನೋಡುವ ಚಿತ್ರ 2014ರ ಡಿಸೆಂಬರ್‌ನಲ್ಲಿ ಸದಬೀಸ್ ಹರಾಜಿನಲ್ಲಿ 3,14,500 ಪೌಂಡಿಗೆ ಹೋಯಿತು. ನೂರೆಕರೆ ಕಾಡಿನ ನಕ್ಷೆ 2018ರ ಜುಲೈನಲ್ಲಿ 4,30,000 ಪೌಂಡು ತಂದಿತು. ಪುಸ್ತಕವೊಂದರ ಚಿತ್ರಕ್ಕೆ ಹರಾಜಿನಲ್ಲಿ ಅಷ್ಟು ಬೆಲೆ ಅದಕ್ಕೆ ಮೊದಲು ಬಂದಿರಲಿಲ್ಲ. ಕ್ರಿಸ್ಟೋಫರ್ ರಾಬಿನ್‌ನ ಆಟಿಕೆಗಳಲ್ಲಿ ಉಳಿದ ಐದು 1987ರಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಶೆಪರ್ಡ್ ಅವರ ಕಾಗದಪತ್ರಗಳ ದೊಡ್ಡ ಸಂಗ್ರಹ ಗಿಲ್ಡ್‌ಫರ್ಡ್‌ನ ಸರ್‍ರೆ ವಿಶ್ವವಿದ್ಯಾಲಯದಲ್ಲಿದೆ. ಪೆನ್ಸಿಲ್ ಚಿತ್ರಗಳು ಬೆಳಕು ತಾಗಿದರೆ ಮಾಸುವಂಥವು, ಕಾಗದವೂ ನಾಜೂಕು. ಆದ್ದರಿಂದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅವನ್ನು ಸದಾ ಗೋಡೆಗೆ ತೂಗುಹಾಕುವುದಿಲ್ಲ. 2017ರ ಡಿಸೆಂಬರ್‌ನಿಂದ 2018ರ ಏಪ್ರಿಲ್‌ವರೆಗೆ ಅವುಗಳಲ್ಲಿ ಅನೇಕವನ್ನು ಹೊರತೆಗೆದು ಲಂಡನ್ನಿನಲ್ಲಿ ದೊಡ್ಡ ಪ್ರದರ್ಶನ ಏರ್ಪಡಿಸಿತ್ತು. ಮಕ್ಕಳು ಪುಸ್ತಕದ ಕಾಡಿನೊಳಗೇ ಓಡಾಡುವಂತೆ ಸಜ್ಜುಗೊಳಿಸಿದ್ದ ಆ ಪ್ರದರ್ಶನ ಬಳಿಕ ಬೇರೆ ದೇಶಗಳಿಗೂ ಹೋಯಿತು.